ಇಬ್ಬರಿಗೂ ಅದೇ ಮಾತ್ರೆ

ಅಣ್ಣ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಬೆಳಿಗ್ಗೆ ಏಣಿ ಹತ್ತಿ ಆ ಗಾಜಿನ ಗೂಡಿನಲ್ಲಿ ಕೂತನೆಂದರೆ ಇಳಿಯುವುದು ಸಂಜೆಗೇ. ಜೊತೆಯವರು ಅವನನ್ನು ‘ಗುಡಾಣ’ ಎನ್ನುತ್ತಿದ್ದರು. ಅವನೂ ಹೊಟ್ಟೆ ಸವರಿಕೊಂಡು ನಗುತ್ತಿದ್ದ. ನಾನು ಅಂಚೆಯವನು, ದಿನವಿಡೀ ನಡೆದು ನಡೆದು ಒಣಕಲಾದವನು. ನಾವು ಒಂದೇ ತಾಯಿ ಮಕ್ಕಳೆಂದರೆ ಯಾರೂ ನಂಬುತ್ತಿರಲಿಲ್ಲ.

ಬಂದರಿನವರು ಮಾಡಿಸಿದ ತಪಾಸಣೆಯಲ್ಲಿ ಅಣ್ಣನಿಗೆ ಹೆಪಟೈಟಿಸ್ ಸಿ ಇರುವುದು ಗೊತ್ತಾಯಿತು. ಮನೆಯವರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದರು ಡಾಕ್ಟರು. ನನಗೂ ಇತ್ತು. ಅಮ್ಮನಿಗೆ, ಅತ್ತಿಗೆಗೆ ಇರಲಿಲ್ಲ.

“ಚಿಕ್ಕವರಿದ್ದಾಗ ಒಂದೇ ಸೂಜೀಲಿ ಇಂಜೆಕ್ಷನ್ ತಗೊಂಡಿದ್ರಾ?” ಡಾಕ್ಟರು ಕೇಳಿದರು.

ಅಮ್ಮ ಆಗ ದವಾಖಾನೆಯಲ್ಲಿ ಆಯಾ. ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಮನೆಯಲ್ಲೇ ಸೂಜಿ ಚುಚ್ಚುತ್ತಿದ್ದಳು, ನಮಗೂ. ಒಂದೇ ಸೂಜಿ, ಬಿಸಿನೀರಿನಲ್ಲಿ ಅದ್ದಿ ತೆಗೆದದ್ದು.

“ಅಮ್ಮಂಗೆ ಹೇಳ್ಬೇಡ ಕಣೋ,” ಎಂದ ಅಣ್ಣ, ಆಸ್ಪತ್ರೆಯ ಮೆಟ್ಟಿಲಿಳಿಯುತ್ತ. “ಹಲ್ಲು ಕೀಳಿಸಿದಾಗ ಬಂತಂತೆ ಅನ್ನೋಣ.”

ಇಬ್ಬರಿಗೂ ಅದೇ ಮಾತ್ರೆ, ಹನ್ನೆರಡು ವಾರ. ಮುಗಿದ ಮೂರು ತಿಂಗಳಿಗೆ ಮತ್ತೆ ರಕ್ತ ಕೊಟ್ಟೆವು. ಇಬ್ಬರಲ್ಲೂ ವೈರಸ್ ಇರಲಿಲ್ಲ. ಎದ್ದು ಹೊರಟಿದ್ದ ಅಣ್ಣನನ್ನು ಡಾಕ್ಟರು ಮತ್ತೆ ಕೂರಿಸಿದರು.

“ಮಾತ್ರೆ ತನ್ನ ಕೆಲಸ ಮಾಡಿದೆ. ಆದ್ರೆ ನಿಮ್ಮ ಲಿವರ್‌ನಲ್ಲಿ ಕೊಬ್ಬೂ ಇತ್ತಲ್ಲ, ಅದೂ ವೈರಸ್ಸೂ ಸೇರಿ ಇಷ್ಟು ವರ್ಷ ಅದನ್ನ ಹಾಳುಮಾಡಿವೆ. ನಿಮ್ಮ ತಮ್ಮಂದು ಇನ್ನೂ ಮೆತ್ತಗಿದೆ, ನಿಮ್ಮದು ಗಟ್ಟಿಯಾಗಿಬಿಟ್ಟಿದೆ. ತೂಕ ಇಳಿಸಿ. ಗಡ್ಡೆ ಬೆಳೆದ್ರೆ ಬೇಗ ಗೊತ್ತಾಗ್ಬೇಕು, ಆರು ತಿಂಗಳಿಗೊಂದು ಸ್ಕ್ಯಾನ್ ತಪ್ಪಿಸ್ಬೇಡಿ.”

“ನಾನು ಒಂದು ತೊಟ್ಟೂ ಕುಡಿದವನಲ್ಲ ಡಾಕ್ಟ್ರೇ.”

“ಕುಡೀದಿದ್ರೂ ಕೊಬ್ಬು ಸೇರುತ್ತೆ.”

ಮೊದಲ ಸ್ಕ್ಯಾನಿಗೆ ಹೋದ. ಎರಡನೆಯದಕ್ಕೆ ಪಾಳಿ ಅಡ್ಡ ಬಂತು. ಮೂರನೆಯದನ್ನು ನಾನು ನೆನಪಿಸಿದರೆ, “ರೋಗನೇ ಹೋದ್ಮೇಲೆ ಎಂಥ ಸ್ಕ್ಯಾನೋ, ಸುಮ್ನಿರು” ಎಂದ. ಮಗ ಗೆದ್ದು ಬಂದನೆಂದು ಅಮ್ಮ ಇನ್ನೆರಡು ಸೌಟು ಹೆಚ್ಚಿಗೇ ಬಡಿಸುತ್ತಿದ್ದಳು. ನಾನೂ ಸುಮ್ಮನಾದೆ.

ಒಂದು ಮಧ್ಯಾಹ್ನ ಕ್ರೇನ್ ಅರ್ಧದಲ್ಲೇ ನಿಂತಿತು. ಮೇಲೆ ಹತ್ತಿ ನೋಡಿದವರಿಗೆ ಗಾಜಿನ ತುಂಬ ರಕ್ತ ಕಂಡಿತು. ಅವನನ್ನು ಹಗ್ಗ ಕಟ್ಟಿ ಇಳಿಸಲು ನಾಲ್ವರು ಬೇಕಾದರು. ಲಿವರ್ ಗಟ್ಟಿಯಾದದ್ದರಿಂದ ಅನ್ನನಾಳದ ರಕ್ತನಾಳ ಉಬ್ಬಿ ಒಡೆದಿತ್ತು. ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆಯೂ ಇತ್ತು. ಕೊಯ್ದು ತೆಗೆಯುವ ಹಂತ ದಾಟಿತ್ತು. ಏಳನೇ ವಾರ ಅಣ್ಣ ತೀರಿಕೊಂಡ.

ತಿಂಗಳು ಕಳೆದ ಮೇಲೆ ಅಮ್ಮ ನನ್ನ ಎದುರು ಬಂದು ಕೂತಳು.

“ನಿಮ್ಮಿಬ್ರಿಗೂ ಹಲ್ಲು ಕೀಳಿಸಿದಾಗ್ಲೇ ಬಂತೇನೋ?”

ನಾನು ಅಲ್ಲವೆಂದು ತಲೆಯಾಡಿಸಿದೆ.

“ನನ್ನ ಸೂಜೀನಾ?”

“ಇರ್ಬಹುದು ಅಮ್ಮ. ಆಗ ಯಾರಿಗೂ ಗೊತ್ತಿರ್ಲಿಲ್ಲ.”

ಅವಳು ಅಳಲಿಲ್ಲ. ಬಹಳ ಹೊತ್ತು ಬೆರಳು ಮಡಚುತ್ತ ಏನೋ ಎಣಿಸಿದಳು. ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು, “ಬಾ, ಸೂಜಿ ಚುಚ್ಚಿದ್ದು ನೆನಪಿರೋ ಮನೆಗಳಿಗೆಲ್ಲ ಹೋಗಿ, ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ ಅನ್ನೋಣ” ಎಂದಳು.

ಮೊದಲ ಮನೆಯ ದರ್ಜಿ ಅವಳ ಮಾತು ಪೂರ್ತಿ ಕೇಳಿದ; ಬಾಗಿಲು ಹಾಕಿಕೊಂಡ. ಅಮ್ಮ ನನ್ನ ತೋಳು ಹಿಡಿದು ಪಕ್ಕದ ಮನೆಯ ಮೆಟ್ಟಿಲು ಹತ್ತಿದಳು.