ಐದು ತಿಂಗಳ ರಕ್ತದ ಮೊಮ್ಮಗ

ಉಲ್ಕಾನಜ್ಜಿ ಇಡೀ ಊರನ್ನೇ ಊಟಕ್ಕೆ ಕರೆದುಬಿಟ್ಟಿದ್ದಳು. ಕರೆಯದೆ ಹೇಗಿದ್ದಾಳು? ರಕ್ತದ ಕ್ಯಾನ್ಸರ್ ಬಂದಿದ್ದ ಮೊಮ್ಮಗ ಮಿರ್ಲಾನ್, ತಂಗಿ ಐಜಾನ್ ಕೊಟ್ಟ ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡು, ಐದು ತಿಂಗಳ ಮೇಲೆ ಅಂದು ತಾನೇ ನಾರಿನ್ ಕಣಿವೆಯ ಮನೆಗೆ ಮರಳಿದ್ದ. ಹಂಡೆಯಲ್ಲಿ ಕುರಿ ಬೇಯುತ್ತಿತ್ತು.

"ಅಜ್ಜಿ, ಸುತ್ತಮುತ್ತ ಕೊರೋನಾ ಇದೆ. ಇಷ್ಟು ಜನ ಒಳಗೆ ನುಗ್ಗಿದ್ರೆ ಅಣ್ಣನ ಗತಿ?" ಎಂದಳು ಐಜಾನ್.

"ಬಾಗಿಲಿಗೆ ಬಂದೋರನ್ನ ವಾಪಸ್ ಕಳಿಸೋದಾ? ನಾನು ಸತ್ತ ಮೇಲೂ ಊರೋರು ಆಡ್ಕೋತಾರೆ ಕಣೇ! ಅವನಿಗೇನಾಗಿದೆ, ಗುಂಡುಕಲ್ಲಿನ ಹಾಗಿದಾನೆ."

"ಹೊರಗೆ ಗುಂಡುಕಲ್ಲು. ಒಳಗಿನ ರಕ್ತಕ್ಕೆ ಇನ್ನೂ ಐದೇ ತಿಂಗಳು. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳ ಬಲವೂ ಹೋಗಿದೆ. ಕೂಸಿಗೆ ಹಾಕಿಸೋ ಹಾಗೆ ಎಲ್ಲ ಮೊದಲಿಂದ ಹಾಕಿಸ್ಬೇಕು. ನಮಗೆ ಬರೀ ನೆಗಡಿ ಅನ್ನಿಸಿದ್ದು ಅವನ ಪ್ರಾಣಕ್ಕೇ ಬರ್ಬಹುದು."

ಮಾಸ್ಕಿನೊಳಗಿಂದಲೇ ಮಿರ್ಲಾನ್ ಗೊಣಗಿದ: "ಕೇಳಿದ್ಯಾ ಅಜ್ಜಿ? ನಾನಿನ್ನು ಇವಳನ್ನ ಅಕ್ಕಾ ಅನ್ಬೇಕಂತೆ. ದಾರಿಯುದ್ದಕ್ಕೂ ಇದೇ ಗೋಳು!"

ಅಜ್ಜಿ ನಕ್ಕಳು. ಆದರೆ 'ಕೂಸು' ಎಂಬ ಮಾತು ಎದೆಗೆ ನಾಟಿತು. ನಲವತ್ತು ದಿನ ತುಂಬುವವರೆಗೆ ಕೂಸನ್ನು ಹೊರಗಿನವರಿಗೆ ತೋರಿಸುವ ಪದ್ಧತಿ ಆ ಮನೆಯಲ್ಲಿ ಎಂದೂ ಇರಲಿಲ್ಲ. ಅಷ್ಟರಲ್ಲಿ ಕುದುರೆಗಳ ಸದ್ದು ಕೇಳಿತು. ಅಜ್ಜಿ ಸೌಟು ಹಿಡಿದು ಬೇಲಿಯ ಬಳಿಗೆ ಓಡಿದಳು.

"ಅಲ್ಲೇ ನಿಲ್ಲೋ ಸಾಬಿರ್!"

ಎಲ್ಲರಿಗಿಂತ ಮುಂದಿದ್ದ ಪಕ್ಕದ ಮನೆಯ ಸಾಬಿರ್ ತೊಗಲಿನ ಚೀಲ ಎತ್ತಿ ತೋರಿಸಿದ. "ಹೊಸ ಕುಮಿಸ್ ತಂದೀನಿ ಅಕ್ಕಾ! ಕುದುರೆ ಹಾಲಿನ ಹುಳಿ ಒಂದು ಬಟ್ಟಲು ಹೊಟ್ಟೆಗೆ ಬಿದ್ರೆ ಯಾವ ರೋಗವೂ ಹತ್ರ ಸುಳಿಯಲ್ಲ."

"ಮಿರ್ಲಾನ್ ಹುಟ್ಟಿದಾಗ ನಲವತ್ತು ದಿನ ತುಂಬೋ ಮುಂಚೆ ಇಣುಕೋಕೆ ಬಂದಿದ್ಯಲ್ಲ, ಏನಾಯ್ತು?"

"ಸೌಟಲ್ಲಿ ಬಾರಿಸಿದ್ರಿ. ಚಳಿಗಾಲದಲ್ಲಿ ಈಗಲೂ ಬೆನ್ನು ನೋಯುತ್ತೆ."

"ಅವನೀಗ ಮತ್ತೆ ಹುಟ್ಟಿದಾನೆ. ಸೌಟೂ ಅದೇ ಇದೆ!"

ಸವಾರರೆಲ್ಲ ಗೊಳ್ಳೆಂದು ನಕ್ಕರು. "ಸರಿ, ನಲವತ್ತು ದಿನ ಬಿಟ್ಟು ಬರ್ತೀನಿ" ಎಂದ ಸಾಬಿರ್.

"ಈ ಕೂಸಿಗೆ ಅಷ್ಟು ಸಾಲದು ಮಾವ, ಡಾಕ್ಟರು ಹೂಂ ಅನ್ಬೇಕು" ಎಂದಳು ಐಜಾನ್. "ಹಸಿ ಹಾಲಿನ ಕುಮಿಸ್ ಅವನಿಗೆ ಬೇಡವೇ ಬೇಡ. ನೀವು ಲಸಿಕೆ ಹಾಕಿಸ್ಕೊಂಡ್ರಾ? ಅವನ ಮೈಗೆ ಸದ್ಯಕ್ಕೆ ಲಸಿಕೆ ಅಷ್ಟಾಗಿ ಹಿಡಿಯಲ್ಲ. ಸುತ್ತ ಇರೋ ನಾವೇ ಅವನಿಗೆ ಬೇಲಿ."

ಸಾಬಿರ್ ಕುದುರೆಯ ಕಿವಿ ಸವರತೊಡಗಿದ. "ಸೂಜಿ ಅಂದ್ರೆ ನಂಗೆ ಸ್ವಲ್ಪ..."

"ತೋಳವನ್ನೇ ಹೊಡೆದು ಕೊಂದ ಗಂಡಸಂತೆ, ಸೂಜಿಗೆ ಹೆದರ್ತಾನೆ!" ಎಂದಳು ಅಜ್ಜಿ.

ಬಂದವರು ಯಾರೂ ಹಸಿದು ಹೋಗಲಿಲ್ಲ. ಹಂಡೆ ಹೊಳೆದಂಡೆಗೆ ಹೋಯಿತು. ಜನ ದೂರ ದೂರ ಕೂತು, ಒಬ್ಬೊಬ್ಬರೂ ಬೇರೆ ತಟ್ಟೆಯಲ್ಲಿ ಉಂಡರು. ಆಮೇಲೆ ಸಾಬಿರ್ ಬೇಲಿಯಾಚೆ ಕುದುರೆಯ ಮೇಲೆ ಕೂತೇ ಮೂರು ತಂತಿಯ ಕೊಮುಜ್ ನುಡಿಸಿದ. ಕಿಟಕಿಯ ಗಾಜಿನ ಹಿಂದೆ ಮಿರ್ಲಾನ್ ಚಮಚದಿಂದ ತಾಳ ಹಾಕಿದ. ಅಜ್ಜಿ ಅಂಗಳದ ನಡುವೆ ಸೌಟು ಎತ್ತಿ ಕುಣಿದಳು.

ಊರವರು ಆಡಿಕೊಂಡದ್ದೇನೋ ನಿಜ: "ಇಷ್ಟು ದೊಡ್ಡ ಗಂಡಸಿಗೆ ಇಂಥ ಭರ್ಜರಿ ಬಾಣಂತನ ನಾವಂತೂ ನೋಡಿಲ್ಲಪ್ಪ!" ಮಾರನೆಯ ವಾರ ಲಸಿಕೆಯ ಸಾಲಿನಲ್ಲಿ ಅವರೆಲ್ಲ ನಿಂತಿದ್ದರು. ಎಲ್ಲರ ಮುಂದೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಸಾಬಿರ್.

ನಿಮ್ಮ ಓಣಿಯಲ್ಲೂ ಇಂಥದೊಂದು 'ಕೂಸು' ಇರಬಹುದು. ಪ್ರೀತಿ ಇದ್ದರೆ ಬೇಲಿಯಾಚೆಯಿಂದ ಮಾತಾಡಿಸಿ. ನೆಗಡಿ, ಜ್ವರ ಇದ್ದರೆ ಅತ್ತ ಹೋಗಲೇಬೇಡಿ. ಮಾಸ್ಕ್ ಹಾಕಿ, ಕೈ ತೊಳೆಯಿರಿ, ನಿಮ್ಮ ಲಸಿಕೆ ಹಾಕಿಸಿಕೊಳ್ಳಿ. ಅವರಿಗೆ ಬಿಸಿಯಾಗಿ ಬೇಯಿಸಿದ್ದನ್ನೇ ಕೊಡಿ. ಸೋಂಕಿನ ಭಯಕ್ಕೆ ಅವರ ಮಾತ್ರೆಯನ್ನೂ ತಪಾಸಣೆಯನ್ನೂ ತಪ್ಪಿಸಬೇಡಿ. ಅವರ ಮೈ ಬಿಸಿಯಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ. ಮನೆಗೊಬ್ಬ ಉಲ್ಕಾನಜ್ಜಿ ಇರಲಿ. ಅಜ್ಜಿ ಇಲ್ಲವೇ? ಸೌಟು ನೀವೇ ಹಿಡಿಯಿರಿ!