ಅಕ್ಷರ ಸವೆದ ಕೀಲಿಗಳು

ಮೂರನೆಯ ಲ್ಯಾಪ್‌ಟಾಪನ್ನೂ ಗೆನೊವೇವಾ ಬೇಡವೆಂದಳು. ಕಿರುಬೆರಳಿನಿಂದ ಒಂದು ಕೀಲಿಯನ್ನು ಎರಡು ಸಲ ಒತ್ತಿ, ಅದು ಮೇಲೇಳುವುದನ್ನು ನೋಡಿ, ಕೈ ಕಟ್ಟಿಕೊಂಡಳು.

“ಮೊಸರಿನ ಮೇಲೆ ಬೆರಳಿಟ್ಟ ಹಾಗಿದೆ,” ಅಂದಳು.

“ಅಮ್ಮಾ, ಇನ್ನೂರೈವತ್ತು ಲೆವಕ್ಕೆ ಇನ್ನೇನು ಸಿಗುತ್ತೆ? ಎಷ್ಟು ಹಗುರ ಇದೆ ನೋಡು.”

“ಹಗುರ ಇದ್ರೇನು? ತಲೆ ಮೇಲೆ ಹೊತ್ಕೊಂಡು ಊರು ಸುತ್ತಬೇಕಾ ನಾನು?”

ಮಿಗ್ಲೆನಾ ತುಟಿ ಕಚ್ಚಿಕೊಂಡಳು. ಬಲ್ಗೇರಿಯಾದ ಲೋಮ್ ಪಟ್ಟಣದಲ್ಲಿ ಹಳೆಯ ಕಂಪ್ಯೂಟರ್ ಮಾರುವ ಅಂಗಡಿ ಇದ್ದದ್ದು ಇದೊಂದೇ, ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ. ಮಾಲೀಕ ಸ್ಪಾಸ್ ಜರ್ಮನಿಯ ಕಚೇರಿಗಳು ಎಸೆದ ಲ್ಯಾಪ್‌ಟಾಪ್‌ಗಳನ್ನು ಮೂಟೆಗಟ್ಟಲೆ ತಂದು, ಒರೆಸಿ, ಕೀಲಿಗಳ ಮೇಲೆ ಬಲ್ಗೇರಿಯನ್ ಅಕ್ಷರದ ಚೀಟಿ ಅಂಟಿಸಿ ಮಾರುತ್ತಿದ್ದ. ಈಗ ಅವನು ಸೂರ್ಯಕಾಂತಿ ಬೀಜ ಬಿಡಿಸುತ್ತ ತಾಯಿ ಮಗಳ ಜಗಳವನ್ನು ನೆಮ್ಮದಿಯಾಗಿ ಕೇಳುತ್ತಿದ್ದ.

ಗೆನೊವೇವಾಳಿಗೆ ಅರವತ್ತೆರಡು. ಇಪ್ಪತ್ತನಾಲ್ಕು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳು. ನ್ಯಾಯಾಧೀಶರು ಹೇಳುತ್ತ ಹೋದಂತೆ, ನಡುವೆ ಕಾರ್ಬನ್ ಇಟ್ಟು ಒಂದೇ ಏಟಿಗೆ ನಾಲ್ಕು ಪ್ರತಿ ತೆಗೆಯುತ್ತಿದ್ದಳು. ಕಂಪ್ಯೂಟರ್ ಬಂದಾಗ ಅದನ್ನು ಕಲಿತ ಹುಡುಗಿಯರು ಬಂದರು, ಇವಳು ಊರಿನ ಸಭಾಭವನದಲ್ಲಿ ಜನರ ಕೋಟು ತೂಗುಹಾಕುವ ಕೆಲಸಕ್ಕೆ ಹೋದಳು. ಕಳೆದ ತಿಂಗಳು ಸೋಫಿಯಾದ ಒಂದು ಕಚೇರಿಯ ಜಾಹೀರಾತನ್ನು ಮಿಗ್ಲೆನಾಳೇ ತೋರಿಸಿದ್ದಳು: ಧ್ವನಿಮುದ್ರಿತ ಸಂದರ್ಶನಗಳನ್ನು ಮನೆಯಲ್ಲೇ ಕೂತು ಟೈಪ್ ಮಾಡಿಕೊಡಬೇಕು, ಈ ಶುಕ್ರವಾರದೊಳಗೆ ಪರೀಕ್ಷೆಗೆಂದು ಒಂದು ತುಣುಕು ಟೈಪ್ ಮಾಡಿ ಕಳಿಸಬೇಕು. “ಲ್ಯಾಪ್‌ಟಾಪ್ ನಾನು ಕೊಡಿಸ್ತೀನಿ,” ಎಂದು ಮಾತು ಕೊಟ್ಟಿದ್ದಳು. ಆಗ ಅವಳಿಗೆ ಕೆಲಸವಿತ್ತು.

“ಆ ಮೂಲೇಲಿರೋದು ಏನು?” ಗೆನೊವೇವಾ ಕೇಳಿದಳು.

ಸ್ಪಾಸ್ ಆ ಕಡೆ ನೋಡಿ ನಕ್ಕ. “ಅಯ್ಯೋ, ಅದು ಇಟ್ಟಿಗೆ ಅಮ್ಮಾ. ಕೀಲಿ ಮೇಲೆ ಅಕ್ಷರಾನೇ ಇಲ್ಲ, ಎಲ್ಲಾ ಸವೆದುಹೋಗಿದೆ. ಬ್ಯಾಟರೀನೂ ಸತ್ತಿದೆ, ವೈರ್ ಕಿತ್ರೆ ಆರಿಹೋಗುತ್ತೆ. ಬಿಡಿಭಾಗಕ್ಕೆ ಇಟ್ಕೊಂಡಿದ್ದೀನಿ.”

“ಹಚ್ಚಿ ಕೊಡು.”

ಕಪ್ಪು ಬಣ್ಣದ, ದಪ್ಪನೆಯ ಯಂತ್ರ. ಅವಳು ಬೆರಳುಗಳನ್ನು ಕೀಲಿಗಳ ಮೇಲೆ ಜೋಡಿಸಿ, ಗಲ್ಲ ಮೇಲೆತ್ತಿ, ಎದುರಿನ ಗೋಡೆ ನೋಡುತ್ತ ಹೊಡೆದಳು. ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಸಾಲಾಗಿ ಬಂದವು.

“ಅಕ್ಷರ ಎಲ್ಲಾ ಅದಲುಬದಲು ಮಾಡಿದ್ದೀಯ. ಟೈಪ್‌ರೈಟರಿನ ಅಕ್ಷರಜೋಡಣೆ ಹಾಕು.”

“ಅದನ್ನ ಈಗ ಯಾರಮ್ಮಾ ಬಳಸ್ತಾರೆ?”

“ಬಳಸೋಳು ನಿನ್ನ ಮುಂದೆ ಕೂತಿದ್ದಾಳೆ.”

ಸ್ಪಾಸ್ ಎಲ್ಲೆಲ್ಲೋ ಒತ್ತಿ ಬದಲಾಯಿಸಿದ. ಗೆನೊವೇವಾ ಮತ್ತೆ ಗೋಡೆ ನೋಡಿದಳು. ಈ ಸಲ ಅಂಗಡಿಯಲ್ಲಿ ಜೋಳ ಹುರಿದಂತೆ ಸದ್ದಾಯಿತು. ಸ್ಪಾಸ್ ಬಾಯಿಗೆ ಒಯ್ದ ಬೀಜ ಅಲ್ಲೇ ನಿಂತಿತು. ಅರ್ಧ ನಿಮಿಷದಲ್ಲಿ, ಅವನ ಗೋಡೆಗೆ ಅಂಟಿಸಿದ್ದ ವಾಪಸಾತಿಯ ನಿಯಮ ಅಷ್ಟೂ ಪರದೆಯ ಮೇಲೆ ಬಂದಿತ್ತು.

“ನಿನ್ನ ಚೀಟೀಲಿ ಎರಡು ಕಾಗುಣಿತ ತಪ್ಪಿದೆ. ಇಲ್ಲಿ ಸರಿ ಮಾಡಿದ್ದೀನಿ,” ಅಂದಳು ಗೆನೊವೇವಾ.

ನೂರೆಂಬತ್ತು ಲೆವಕ್ಕೆ ಮಾತು ಮುಗಿಯಿತು. ಒಂದು ವಾರದೊಳಗೆ ತಂದರೆ ಪೂರ್ತಿ ಹಣ ವಾಪಸು ಎಂದ ಸ್ಪಾಸ್. ಮಿಗ್ಲೆನಾ ನೋಟುಗಳನ್ನು ಬೇಗಬೇಗನೆ ಕೊಟ್ಟು ಪರ್ಸು ಮುಚ್ಚಿದಳು.

ನಾಲ್ಕನೆಯ ಮಹಡಿಯ ಅಡುಗೆಮನೆಯ ಮೇಜು ಖಾಲಿ ಮಾಡಿದರು. ಮೇಣದ ಮೇಜುಬಟ್ಟೆಯ ಮೇಲೆ ಯಂತ್ರವನ್ನಿಟ್ಟು, ರೆಫ್ರಿಜರೇಟರಿನ ಪಕ್ಕದ ಸಾಕೆಟ್ಟಿಗೆ ವೈರು ಸಿಕ್ಕಿಸಿದರು. ಗೆನೊವೇವಾ ಕುರ್ಚಿಯ ಮೇಲೆ ದಿಂಬು ಹಾಕಿಕೊಂಡು, ಎತ್ತರ ಸಾಲದೆ ಇನ್ನೊಂದು ಹಾಕಿಕೊಂಡಳು.

“ಏನಾದ್ರೂ ಓದು. ಕೈ ಪಳಗಬೇಕು.”

ಮಿಗ್ಲೆನಾ ಕೈಗೆ ಸಿಕ್ಕಿದ ವಿದ್ಯುತ್ ಕಚೇರಿಯ ಕರಪತ್ರ ತೆಗೆದುಕೊಂಡು ಓದತೊಡಗಿದಳು.

“ಬೇಗ ಓದೇ. ನ್ಯಾಯಾಧೀಶರು ನಿನ್ನ ಹಾಗೆ ತಿಣುಕ್ತಿರಲಿಲ್ಲ.”

“ಅರ್ಥ ಆಗ್ತಿದೆಯಾ ನಿನಗೆ, ಇಷ್ಟು ಬೇಗ?”

“ಅರ್ಥ ಯಾರಿಗೆ ಬೇಕು? ಕಿವೀಲಿ ಬಂದಿದ್ದು ಬೆರಳಲ್ಲಿ ಹೋಗುತ್ತೆ. ಕೊಲೆ ಕೇಸೂ ಒಂದೇ, ಬೇಲಿ ಕೇಸೂ ಒಂದೇ. ಅರ್ಥ ಮಾಡ್ಕೊಂಡು ಕೂತಿದ್ರೆ ನಾನು ಇಪ್ಪತ್ತನಾಲ್ಕು ವರ್ಷ ಬದುಕಿರ್ತಿದ್ನಾ? ಓದು.”

ಮಿಗ್ಲೆನಾ ಓದಿದಳು. ಮೀಟರಿನ ವಿಷಯ ಮುಗಿಯಿತು, ದೂರು ಕೊಡುವ ವಿಧಾನ ಮುಗಿಯಿತು. ತಾಯಿ ಅವಳ ಕಡೆ ನೋಡುತ್ತಿರಲಿಲ್ಲ, ಕಿಟಕಿಯಾಚೆ ಒಣಹಾಕಿದ್ದ ಪಕ್ಕದ ಮನೆಯವರ ಹಾಸಿಗೆ ಬಟ್ಟೆಯ ಮೇಲೆ ಕಣ್ಣು ನೆಟ್ಟಿದ್ದಳು. ಕರಪತ್ರ ಮುಗಿದ ಮೇಲೂ ಮಿಗ್ಲೆನಾ ಅದನ್ನು ಮುಖದ ಮುಂದೆ ಹಿಡಿದುಕೊಂಡೇ ಇದ್ದಳು. ದನಿ ಬದಲಾಯಿಸಲಿಲ್ಲ.

“ಈ ತಿಂಗಳ ಮೊದಲ ವಾರದಲ್ಲಿ ಬೇಕರಿಯ ಮಾಲೀಕರು ಅಂಗಡಿ ಮುಚ್ಚಿದರು. ಒಂಬತ್ತು ವರ್ಷ ಕೆಲಸ ಮಾಡಿದ ಮಿಗ್ಲೆನಾ ದಿಮೋವಾ ಎಂಬಾಕೆಯನ್ನು ಮನೆಗೆ ಕಳಿಸಿದರು. ಹನ್ನೆರಡು ದಿನಗಳಿಂದ ಆಕೆ ಬೆಳಗ್ಗೆ ಕೆಲಸಕ್ಕೆಂದು ಹೊರಟು, ಡಾನ್ಯೂಬ್ ನದಿಯ ದಂಡೆಯಲ್ಲಿ ದೋಣಿಗಳನ್ನು ನೋಡುತ್ತ ಕೂತು, ಸಂಜೆ ಮನೆಗೆ ಬರುತ್ತಾಳೆ. ಈ ದಿನ ರಜೆ ಎಂದು ಹೇಳಿದ್ದೂ ಸುಳ್ಳು.”

ಕೀಲಿಗಳ ಸದ್ದು ಒಂದು ಕ್ಷಣವೂ ತಡೆಯಲಿಲ್ಲ.

“ಹನ್ನೆರಡು ದಿನ, ಅಂಕಿಯಲ್ಲೋ ಅಕ್ಷರದಲ್ಲೋ?” ಗೆನೊವೇವಾ ಕೇಳಿದಳು.

“ಅಕ್ಷರದಲ್ಲಿ.”

ಅವಳು ಅಕ್ಷರದಲ್ಲಿ ಹೊಡೆದಳು, ಪೂರ್ಣವಿರಾಮ ಇಟ್ಟಳು. ಆಮೇಲೆ ಕೈಗಳು ನಿಂತವು. ಪರದೆಯ ಕಡೆ ಬಗ್ಗಿ, ಕನ್ನಡಕ ಸರಿಪಡಿಸಿಕೊಂಡು, ಮೊದಲ ಸಲ ಓದಿದಳು. ತುಟಿ ಅಲುಗಾಡುತ್ತಿತ್ತು. ಕೊನೆಯ ಸಾಲನ್ನು ಎರಡು ಸಲ ಓದಿದಂತೆ ಮಿಗ್ಲೆನಾಳಿಗೆ ಕಂಡಿತು.

“ಹನ್ನೆರಡು ದಿನ ನಾನು ನಿನಗೆ ಬುತ್ತಿ ಕಟ್ಟಿಕೊಟ್ಟಿದ್ದೀನಿ.”

“ಹೂಂ.”

“ದಂಡೆ ಮೇಲೆ ಕೂತು ತಿಂದ್ಯಾ?”

“ತಿಂದೆ.”

“ಮತ್ತೆ ಈ ನೂರೆಂಬತ್ತು?”

ಮಿಗ್ಲೆನಾ ಕರಪತ್ರವನ್ನು ಮಡಚತೊಡಗಿದಳು.

ಗೆನೊವೇವಾ ಎದ್ದು ನೇರ ಹೋಗಿ ಸಾಕೆಟ್ಟಿನಿಂದ ವೈರು ಕಿತ್ತಳು. ಪರದೆ ಕಪ್ಪಾಯಿತು. ಕರಪತ್ರವೂ ಬೇಕರಿಯೂ ಎಲ್ಲಿಗೋ ಹೋದವು. ಅವಳು ಯಂತ್ರವನ್ನು ಮೇಜುಬಟ್ಟೆಯಲ್ಲಿ ಸುತ್ತಿ, ಎಳೆಯ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು, ಮನೆಯ ಚಪ್ಪಲಿಯಲ್ಲೇ ಮೆಟ್ಟಿಲಿಳಿದಳು.

“ಅಮ್ಮಾ, ನಿಲ್ಲೇ! ಶುಕ್ರವಾರದ ಪರೀಕ್ಷೆ?”

“ಪರೀಕ್ಷೆ ತಿನ್ನೋಕಾಗುತ್ತಾ? ಬಾಡಿಗೆ ಯಾರು ಕಟ್ತಾರೆ, ದೋಣಿಯೋರಾ?”

ಜೂನ್ ತಿಂಗಳ ಬಿಸಿಲು. ಚೆರಿ ಹಣ್ಣು ಮಾರುವ ಹೆಂಗಸರು ತಾಯಿಯ ಕಾಲಿನ ಚಪ್ಪಲಿಯನ್ನು ನೋಡಿದರು. ಮಿಗ್ಲೆನಾ ಎರಡು ಹೆಜ್ಜೆ ಹಿಂದೆ ನಡೆದಳು. ಹತ್ತಿರ ಹೋದರೆ ತಾಯಿ ಹೆಜ್ಜೆ ಬಿರುಸು ಮಾಡುತ್ತಿದ್ದಳು. ಅಂಚೆ ಕಚೇರಿಯ ತಿರುವಿನಲ್ಲಿ ಮಾತ್ರ ತಿರುಗಿ ನೋಡದೆಯೇ ಕೇಳಿದಳು: “ಮಳೆ ಬಂತಲ್ಲ, ಆ ಗುರುವಾರ. ಆವತ್ತು ಎಲ್ಲಿದ್ದೆ?”

“ದೋಣಿ ಕಟ್ಟೆ ಚಾವಡೀಲಿ.”

ಗೆನೊವೇವಾ ಮುಂದೆ ನಡೆದಳು.

ಅಂಗಡಿಯಲ್ಲಿ ಸ್ಪಾಸ್ ಯಾರಿಗೋ ಚಾರ್ಜರ್ ಹುಡುಕುತ್ತಿದ್ದ. ಬಾಗಿಲಲ್ಲಿ ಮೇಜುಬಟ್ಟೆಯ ಗಂಟು ಕಂಡದ್ದೇ ಅವನ ಮುಖ ಮೃದುವಾಯಿತು. ಇವಳು ಬಾಯಿ ತೆರೆಯುವ ಮೊದಲೇ ಗಲ್ಲಾದ ಡ್ರಾಯರ್ ಎಳೆದ.

“ವಾಪಸ್ಸಾ ಅಮ್ಮಾ? ಬೇಜಾರು ಮಾಡ್ಕೋಬೇಡಿ. ನನಗೆ ಗೊತ್ತಿತ್ತು. ನಿಮ್ಮ ವಯಸ್ಸಿಗೆ ಇವೆಲ್ಲಾ ಕಷ್ಟಾನೇ. ನಮ್ಮಮ್ಮಾನೂ ಹಾಗೇ, ಎರಡೇ ದಿನಕ್ಕೆ ಕೈಬಿಟ್ಟಳು.”

ನೋಟುಗಳನ್ನು ಎಣಿಸಿ ಚಾಚಿದ. ಗೆನೊವೇವಾ ಆ ನೋಟುಗಳನ್ನು ನೋಡಿದಳು. ಮೇಜುಬಟ್ಟೆಯ ಗಂಟನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು.

“ವಾಪಸ್ ಅಂತ ಯಾರು ಹೇಳಿದ್ದು ನಿನಗೆ?”

“ಮತ್ತೆ?”

“ಕಿವಿಗೆ ಹಾಕ್ಕೊಳ್ಳೋದು ಬೇಕು. ಮಾತು ಕೇಳಿಸಬೇಕಲ್ಲ. ಅದಿಲ್ಲದೆ ಹೇಗೆ ಮಾರಿದೆ ನನಗೆ, ಹೇಳಬೇಡ್ವಾ?”

ಸ್ಪಾಸ್ ಮಿಗ್ಲೆನಾಳ ಕಡೆ ನೋಡಿದ. ಮಿಗ್ಲೆನಾ ಚಾವಣಿ ನೋಡಿದಳು. ಅವನು ಡ್ರಾಯರ್ ಮುಚ್ಚಿ, ಒಂದು ಪೆಟ್ಟಿಗೆಯಲ್ಲಿ ಕೈಯಾಡಿಸಿ, ಒಂದು ಕಡೆಯ ಸ್ಪಂಜು ಹರಿದ ದೊಡ್ಡ ಹೆಡ್‌ಫೋನ್ ತೆಗೆದ.

“ಇದಕ್ಕೆ ಕಾಸು ಬೇಡ,” ಅಂದ. “ಕಾಗುಣಿತ ತಿದ್ದಿಕೊಟ್ರಲ್ಲ.”

ವಾಪಸು ಬರುವಾಗ ಗಂಟನ್ನು ಮಿಗ್ಲೆನಾ ಎತ್ತಿಕೊಂಡಳು. ತಾಯಿ ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡು ನಡೆದಳು. ಬಾಗಿಲ ಬೀಗ ತೆಗೆಯುವಾಗ ಗೆನೊವೇವಾ ಅಂದಳು, “ನಾಳೆ ದಂಡೆಗೆ ಹೋಗಬೇಡ. ಮಾರುಕಟ್ಟೇಲಿ ಕೇಳು. ನಾನು ಬುತ್ತಿ ಕಟ್ಟಲ್ಲ.”

ಪರೀಕ್ಷೆಯ ತುಣುಕನ್ನು ಗುರುವಾರ ಮಧ್ಯಾಹ್ನವೇ ಕಳಿಸಿದರು. ಐದು ದಿನ ಉತ್ತರವಿಲ್ಲ. ಆ ಐದು ದಿನ ಗೆನೊವೇವಾ ಯಂತ್ರವನ್ನು ಮುಟ್ಟಲಿಲ್ಲ, ಅದರ ಪಕ್ಕದಲ್ಲೇ ಬೀನ್ಸ್ ಸೋಸಿದಳು. ಆರನೆಯ ದಿನ ಕೆಲಸ ಒಪ್ಪಿದ್ದಾರೆಂದು ಪತ್ರ ಬಂತು. ವಾರಕ್ಕೆ ನಾಲ್ಕು ಗಂಟೆಯಷ್ಟು ಧ್ವನಿಮುದ್ರಿತ ಮಾತು. ಅದರ ಹಣ ಬಾಡಿಗೆಗೆ ಸಾಲುವಷ್ಟಿಲ್ಲ, ಅರ್ಧಕ್ಕೆ ಸಾಕು. ಮಿಗ್ಲೆನಾಳಿಗೆ ಮಾರುಕಟ್ಟೆಯ ಚೀಸ್ ಅಂಗಡಿಯಲ್ಲಿ ಬೆಳಗಿನ ಹೊತ್ತಿನ ಕೆಲಸ ಸಿಕ್ಕಿತು. ಅಲ್ಲಿಯ ಮಾಲೀಕಳ ಬಾಯಿ ಕೆಟ್ಟದ್ದು ಎಂದು ಊರಿಗೆಲ್ಲ ಗೊತ್ತು, ಮಿಗ್ಲೆನಾಳಿಗೂ ಮೊದಲ ದಿನವೇ ಗೊತ್ತಾಯಿತು.

ಜುಲೈಯ ಒಂದು ಮಧ್ಯಾಹ್ನ ಅವಳು ಕೆಲಸ ಮುಗಿಸಿ ಬಂದು, ಚೀಸ್ ನೆನೆಸಿಡುವ ಉಪ್ಪುನೀರಿನ, ಕೈಗಂಟಿದ ವಾಸನೆ ಹೋಗಲೆಂದು ಅಡುಗೆಮನೆಯ ನಲ್ಲಿಯಡಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಬೆನ್ನ ಹಿಂದೆ ತಾಯಿ ಟೈಪ್ ಮಾಡುತ್ತಿದ್ದಳು. ಯಾರೋ ಮುದುಕನ ಸಂದರ್ಶನ, ಹಳೆಯ ಹಡಗುಕಟ್ಟೆಯ ಕೆಲಸಗಾರ ಎಂದು ಬೆಳಗ್ಗೆ ಹೇಳಿದ್ದಳು. ಹೆಂಡತಿಯ ಬಗ್ಗೆ ಹೇಳಲು ಶುರುಮಾಡಿದ್ದಾನೆ ಎಂದೂ ಹೇಳಿದ್ದಳು.

ಸದ್ದು ಇದ್ದಕ್ಕಿದ್ದಂತೆ ನಿಂತಿತು.

ಮಿಗ್ಲೆನಾ ತಿರುಗಿ ನೋಡಿದಳು. ಗೆನೊವೇವಾ ಕಣ್ಣು ಮುಚ್ಚಿ ಮುದುಕನ ಮಾತು ಕೇಳುತ್ತಿದ್ದಳು. ಹತ್ತು ಬೆರಳೂ ಕೀಲಿಗಳಿಂದ ಒಂದು ಅಂಗುಲ ಮೇಲೆ ಹಾಗೇ ನಿಂತಿದ್ದವು. ಯಂತ್ರದಲ್ಲಿ ಧ್ವನಿಮುದ್ರಿಕೆ ನಿಂತಿರಲಿಲ್ಲ, ಪರದೆಯ ಕೆಳಗೆ ಸೆಕೆಂಡುಗಳು ಓಡುತ್ತಲೇ ಇದ್ದವು.

ಮಿಗ್ಲೆನಾ ನಲ್ಲಿ ನಿಲ್ಲಿಸಿದಳು.