ಸೀಗೆಗುಡ್ಡದ ಪೇಟ

ಹೆಣ ಇನ್ನೂ ಪೆಟ್ಟಿಗೆಯಲ್ಲಿದೆ, ಈ ಮನುಷ್ಯನಿಗೆ ಪೇಟದ ಚಿಂತೆ! ಮಧುರಾಗೆ ಮೈಯೆಲ್ಲ ಉರಿದುಹೋಯಿತು.

ಅಪ್ಪನ ದಾಯಾದಿ ತಮ್ಮ ವೆಂಕಟಗಿರಿ ಅರಸ್ ಹ್ಯೂಸ್ಟನ್ನಿನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಫಾರ್ಮರ್ಸ್ ಬ್ರಾಂಚಿನ ಫ್ಯೂನರಲ್ ಹೋಮಿಗೆ ಬಂದಿದ್ದ. ಅಪ್ಪ ಆಸ್ಪತ್ರೆಯಲ್ಲಿ ಆರು ವಾರ ನರಳಿದಾಗ ಒಂದು ದಿನ ತಲೆ ಹಾಕಿದವನಲ್ಲ. ಈಗ ನೋಡಿ, ಜರಿಯಂಚಿನ ಬಿಳಿ ಕೋಟು, ಕೊರಳಲ್ಲಿ ಮುತ್ತಿನ ಸರ, ಹಿಂದೆ ಫೋನ್ ಹಿಡಿದು ವಿಡಿಯೋ ಮಾಡುವ ಹೆಂಡತಿ ಕೋಕಿಲಾ. ಸಾವಿಗೆ ಬಂದವನೋ, ಮದುವೆಗೆ ಬಂದವನೋ!

"ಪೇಟ ತಂದಿದ್ದೀಯೇನಮ್ಮಣ್ಣಿ?" ಅವನ ಮೊದಲ ಮಾತೇ ಇದು.

ತಂದಿದ್ದಳು. ನಿನ್ನೆ ಫೋನಿನಲ್ಲಿ ಮೂರು ಸಲ ಹೇಳಿದ್ದನಲ್ಲ. ಗ್ರೋಸರಿ ಚೀಲದಲ್ಲಿತ್ತು, ಸೀಗೆಗುಡ್ಡ ಪಾಳೆಯಪಟ್ಟಿನ ಪಟ್ಟದ ಪೇಟ, ಹುಳ ತಿಂದ ಕೆಂಪು ರೇಷ್ಮೆ. ಏಳು ಹಳ್ಳಿ, ಒಂದು ಕೆರೆಯ ಪಾಳೆಯಪಟ್ಟು ಅದು. ಹಳ್ಳಿಗಳು ಕೈಬಿಟ್ಟು ಕಾಲವಾಯಿತು, ಕೆರೆ ಹೂತುಹೋಯಿತು. ಉಳಿದದ್ದು ಈ ಬಟ್ಟೆ, ಮತ್ತೆ ವಂಶದ ಹಿರಿಯ ಗಂಡಸಿಗೆ 'ದೊರೆ' ಅನ್ನಿಸಿಕೊಳ್ಳುವ ಹಕ್ಕು. ಅಪ್ಪ ಚಂದ್ರಮೋಹನ ಅರಸ್ ಆ ದೊರೆತನವನ್ನು ಫ್ರಿಸ್ಕೋ ಮನೆಯ ಕ್ಲಾಸೆಟ್ಟಿನಲ್ಲಿ ಸ್ವೆಟರುಗಳ ಕೆಳಗೆ ಇಟ್ಟಿದ್ದರು. ಅವರಿಗಿದ್ದದ್ದು ಒಬ್ಬಳೇ ಮಗಳು. ಹಾಗಾಗಿ ಪಟ್ಟ ದಾಯಾದಿಗೆ ಹೋಗಬೇಕು.

ಪಟ್ಟ ಹಾಳಾಗಿ ಹೋಗಲಿ, ಯಾರಿಗೆ ಬೇಕು! ಆದರೆ ಅಪ್ಪ ಅವಳ ಕೈ ಹಿಡಿದು ಒಂದೇ ಒಂದು ಮಾತು ಕೇಳಿದ್ದರು: "ಕಡೇ ಬೆಂಕಿ ನಿನ್ನ ಕೈಯಿಂದಲೇ ಆಗಲಿ ಮಗಳೇ." ಇಲ್ಲಿ ಕೊಳ್ಳಿ ಇಲ್ಲ. ಗೋಡೆಯ ಮೇಲೆ ದಹನದ ಕುಲುಮೆ ಹೊತ್ತಿಸುವ ಹಸಿರು ಗುಂಡಿ, ಅದನ್ನು ಒತ್ತಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

"ಗುಂಡಿ ಒತ್ತೋದು ನಾನು," ಅಂದ ವೆಂಕಟಗಿರಿ. "ಪಟ್ಟ ಯಾರಿಗೋ, ಕೊಳ್ಳಿ ಅವರದ್ದೇ. ಹೆಣ್ಣುಮಕ್ಕಳ ಕೈಲಿ ಕೊಳ್ಳಿ ಇಡಿಸೋ ವಂಶ ಅಲ್ಲ ನಮ್ಮದು. ಏನಂತೀರಿ ಭಟ್ರೇ?"

ಪುರೋಹಿತ ಆತ್ರೇಯ ಭಟ್ಟರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. "ಇಂಥದ್ದರಲ್ಲಿ ಕುಲಾಚಾರ ದೊಡ್ಡದು. ನಿಮ್ಮ ಮನೆತನದ ಪದ್ಧತಿ ಹೇಗಿದೆಯೋ ಹಾಗೆ."

"ಆ ಪದ್ಧತಿ ಬರೆದವನೇ ನಾನು!"

ಅದೇನೋ ನಿಜ. ಹೋದ ಯುಗಾದಿಗೆ ಸೀಗೆಗುಡ್ಡದ ವಂಶಚರಿತ್ರೆ ಅಂತ ಇನ್ನೂರು ಪುಟ ಅಚ್ಚು ಹಾಕಿಸಿ ಹ್ಯೂಸ್ಟನ್, ಆಸ್ಟಿನ್, ಡಾಲಸ್ ಮೂರೂ ಊರಿನ ಕನ್ನಡದವರಿಗೆ ಹಂಚಿದ್ದ. ಪೂರ್ತಿ ಓದಿದವರು ಇಬ್ಬರೇ. ಆಸ್ಪತ್ರೆಯಲ್ಲಿ ಮಧುರಾ ತಡವರಿಸುತ್ತ ಗಟ್ಟಿಯಾಗಿ ಓದುವಳು, ಅಪ್ಪ ಮಲಗಿದಲ್ಲೇ ತಿದ್ದುವರು. ಒಂದು ಪುಟಕ್ಕೆ ಬಂದಾಗ ಅಪ್ಪ ಕೆಮ್ಮು ಬರುವಷ್ಟು ನಕ್ಕು, ತಾವೇ ಅದರ ಮೂಲೆ ಮಡಿಸಿದ್ದರು. ಬರೆದವನು ಮಾತ್ರ ಬರೆದದ್ದನ್ನು ಮರೆತಿದ್ದ.

ಮಧುರಾ ಚೀಲದಿಂದ ಪೇಟ ತೆಗೆದಳು. "ಪದ್ಧತಿ ಪ್ರಕಾರವೇ ಆಗಲಿ ಚಿಕ್ಕಪ್ಪ. ಹೆಣ ಎತ್ತೋ ಮೊದಲು ಪಟ್ಟ ಕಟ್ಟಬೇಕು ಅಂತ ನೀವೇ ಬರೆದಿದ್ದೀರಿ. ಕೂತ್ಕೊಳ್ಳಿ."

ಅವನ ಮುಖ ಅರಳಿದ್ದು ನೋಡಬೇಕಿತ್ತು! ಕುರ್ಚಿ ಎಳೆದುಕೊಂಡು, "ಕೋಕಿಲಾ, ಆ ಕಡೆಯಿಂದ ತೆಗಿ, ಬೆಳಕಿದೆ," ಅಂದು, ಅಣ್ಣನ ಪೆಟ್ಟಿಗೆಗೆ ಬೆನ್ನು ಮಾಡಿ ಕೂತ, ಪಾಪಿ. ಮಧುರಾ ಪೇಟ ಇಟ್ಟಳು. ಸಾವಿಗೆ ಬಂದಿದ್ದ ಹತ್ತಾರು ಕನ್ನಡದವರ ಮುಂದೆ ಭಟ್ಟರು ಅಕ್ಷತೆ ಹಾಕಿದರು.

"ಇನ್ನು ನೀವೇ ದೊರೆ. ಇಲ್ಲಿರೋರೆಲ್ಲ ಸಾಕ್ಷಿ."

"ಸಾಕ್ಷಿ ಯಾಕೆ, ವಿಡಿಯೋನೇ ಇದೆಯಲ್ಲ!"

ಆಗ ಅವಳು ಅದೇ ಚೀಲದಿಂದ ಪುಸ್ತಕ ತೆಗೆದು, ಅಪ್ಪ ಮೂಲೆ ಮಡಿಸಿದ್ದ ಪುಟ ಬಿಡಿಸಿ ಭಟ್ಟರ ಕೈಗಿತ್ತಳು. "ಗಟ್ಟಿಯಾಗಿ ಓದಿ."

ಭಟ್ಟರು ಓದಿದರು: "ಪೇಟ ಧರಿಸಿದ ದೊರೆಗೆ ಸೂತಕವಿಲ್ಲ. ಆತನು ಶವದ ಹಿಂದೆ ನಡೆಯಕೂಡದು, ಚಿತೆಯನ್ನು ನೋಡಕೂಡದು. ಕೊಳ್ಳಿಯನ್ನು ಪಟ್ಟವಿಲ್ಲದ ರಕ್ತಸಂಬಂಧಿಯೇ ಇಡತಕ್ಕದ್ದು. ಪೇಟ ತೆಗೆದರೆ ಪಟ್ಟ ತ್ಯಜಿಸಿದಂತೆ. ಹನ್ನೊಂದು ತಲೆಮಾರಿನಲ್ಲಿ ಇದು ತಪ್ಪಿಲ್ಲ."

ವೆಂಕಟಗಿರಿಯ ಕೈ ಪೇಟಕ್ಕೆ ಹೋಯಿತು. "ಅದು... ಹಳೇ ಕಾಲದ್ದು..."

"ಬೇಡ ಅಂದ್ರೆ ತೆಗೆದುಬಿಡಿ ಚಿಕ್ಕಪ್ಪ. ಪಟ್ಟ ಬಿಟ್ಟು ಬಂದು ಅಣ್ಣನಿಗೆ ಬೆಂಕಿ ಇಡಿ."

ಅಂದೇನೋ ಅಂದಳು. ತೆಗೆದುಬಿಟ್ಟರೆ? ಅಪ್ಪನಿಗೆ ಕೊಟ್ಟ ಮಾತು ಮಣ್ಣುಪಾಲು. ಅವನ ಬೆರಳುಗಳು ರೇಷ್ಮೆಯನ್ನು ಹಿಡಿದು, ಒಂದು ಸಲ ಎತ್ತಿಯೂ ಎತ್ತಿದವು. ಕೋಕಿಲಾಳ ಫೋನು ಇನ್ನೂ ಅವನ ಮುಖದ ಕಡೆಗೇ ತಿರುಗಿತ್ತು. ಕೈ ಮೆಲ್ಲಗೆ ಕೆಳಗಿಳಿಯಿತು, ಪೇಟ ತಲೆಯ ಮೇಲೇ ಉಳಿಯಿತು.

ಮಧುರಾ ಬಾಗಿಲು ತೆರೆದು ಹಿಡಿದಳು. "ದೊರೆಗಳು ಹೊರಗೆ ದಯಮಾಡಿಸಬೇಕು."

ಅಣ್ಣನ ಮುಖವನ್ನು ಒಂದು ಸಲವೂ ನೋಡದೆ ಹೋದ. ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಆಗಸ್ಟಿನ ಬಿಸಿಲು ಕಾಯುತ್ತಿತ್ತು. ಆಳಲಿ ಅದನ್ನೇ!

ಅವಳು ಗೋಡೆಯ ಹತ್ತಿರ ಬಂದಳು. ಗುಂಡಿ ತಣ್ಣಗಿತ್ತು.

"ಅಪ್ಪಾ, ನಾನೇ," ಅಂದು ಒತ್ತಿದಳು.